ಬ್ಲೋವರ್ ಕಾಯಿಲೆಗೆ ಕರೆಂಟಿನಲ್ಲೇ ಪತ್ತೆ

ಹಾಸ್ಟೆಲ್ ಹಿಂದೆ ಇರುವ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕದ ಕಡೆ ನಾವ್ಯಾರೂ ಬೇಕು ಅಂತ ಹೋಗಲ್ಲ. ಆದರೆ ಅಲ್ಲಿ ಹಗಲೂ ರಾತ್ರಿ ಒಂದು ಬ್ಲೋವರ್ ಗುಂಯ್ ಅಂತ ಓಡ್ತಾ ಇರುತ್ತೆ. ತೊಟ್ಟಿಯ ತಳಕ್ಕೆ ಗಾಳಿ ಊದೋದು ಅದರ ಕೆಲಸ. ಆ ಗಾಳಿಯ ಆಮ್ಲಜನಕವನ್ನು ಬಳಸಿಕೊಂಡೇ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು ಮುಗಿಸುತ್ತವೆ. ಕೆಲವು ಗಂಟೆ ಗಾಳಿ ನಿಂತರೆ ಅವು ಸೊರಗುತ್ತವೆ, ತೊಟ್ಟಿ ನಾರೋಕೆ ಶುರುವಾಗುತ್ತೆ. ಹಾಳಾದ ಆ ಬಳಗವನ್ನು ಮತ್ತೆ ಬೆಳೆಸೋಕೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕು.

ಈಗ ಒಂದು ಪ್ರಶ್ನೆ. ಮೋಟಾರಿನಿಂದ ಬ್ಲೋವರಿಗೆ ಹೋಗುವ ಬೆಲ್ಟು ರಾತ್ರಿ 2 ಗಂಟೆಗೆ ಹರಿದುಹೋಯ್ತು ಅಂದುಕೊಳ್ಳಿ. ಪ್ಯಾನೆಲ್ ಏನು ಹೇಳುತ್ತೆ? ಏನೂ ಹೇಳಲ್ಲ! ಮೋಟಾರ್ ಆರಾಮಾಗಿ ತಿರುಗ್ತಾ ಇದೆ, ಕಾಂಟ್ಯಾಕ್ಟರ್ ಹಿಡಿದುಕೊಂಡಿದೆ, ಹಸಿರು ದೀಪ ಉರೀತಾ ಇದೆ. ಓವರ್‌ಲೋಡ್ ರಿಲೇ ಕೂಡ ಸುಮ್ಮನಿದೆ, ಯಾಕಂದರೆ ಕರೆಂಟು ಮಿತಿ ಮೀರಿದರೆ ಮಾತ್ರ ಅದು ಎಚ್ಚರವಾಗೋದು. ಇಲ್ಲಿ ಕರೆಂಟು ಏರಿಲ್ಲ, ಇಳಿದಿದೆ.

ಆ ಇಳಿಕೆಯನ್ನು ಯಾರಾದರೂ ನೋಡ್ತಾ ಇದ್ದಿದ್ದರೆ ಬೆಳಗಾಗೋದನ್ನು ಕಾಯಬೇಕಿರಲಿಲ್ಲ. ಬ್ಲೋವರ್ ಮೇಲೆ ಒಂದೂ ಸೆನ್ಸರ್ ಕೂರಿಸದೆ, ಪ್ಯಾನೆಲ್‌ನಲ್ಲಿ ಹರಿಯುವ ಕರೆಂಟು ನೋಡಿಯೇ ಅದರ ಆರೋಗ್ಯ ಹೇಳುವ ವಿದ್ಯೆಯನ್ನು ಈ ಲೇಖನದಲ್ಲಿ ನೋಡೋಣ.

ಮೋಟಾರೇ ಒಂದು ಸೆನ್ಸರ್

ಇಂಡಕ್ಷನ್ ಮೋಟಾರ್ ತನ್ನ ಮೇಲೆ ಎಷ್ಟು ಭಾರ ಇದೆಯೋ ಅದಕ್ಕೆ ತಕ್ಕಷ್ಟು ಕರೆಂಟು ಎಳೆಯುತ್ತೆ. ಭಾರ ಹೆಚ್ಚಿದರೆ ರೋಟರ್ ಸ್ವಲ್ಪ ನಿಧಾನವಾಗುತ್ತೆ, ಸ್ಲಿಪ್ ಹೆಚ್ಚುತ್ತೆ, ಕರೆಂಟು ಏರುತ್ತೆ. ಶಾಫ್ಟಿನ ತುದಿಯಲ್ಲಿ ಆಗುವ ಬದಲಾವಣೆ ಹೀಗೆ ಗಾಳಿಸಂದಿನ ಕಾಂತಕ್ಷೇತ್ರವನ್ನು ದಾಟಿ ತಂತಿಗೆ ಬರುತ್ತೆ.

ಉದಾಹರಣೆಗೆ 415 ವೋಲ್ಟ್, 7.5 ಕಿಲೋವ್ಯಾಟ್‌ನ ಮೋಟಾರೊಂದು ಮಾಮೂಲಿ ಓಟದಲ್ಲಿ 13 ಆಂಪಿಯರ್ ಎಳೀತಿದೆ ಅನ್ನಿ. ಬೆಲ್ಟು ಹರಿದರೆ ಅದು ಸೊನ್ನೆ ಆಗಲ್ಲ, ಸುಮಾರು 5.5ಕ್ಕೆ ಬಂದು ನಿಲ್ಲುತ್ತೆ. ಕಾಂತಕ್ಷೇತ್ರ ಕಟ್ಟೋಕೆ ಬೇಕಾದ ಮ್ಯಾಗ್ನೆಟೈಸಿಂಗ್ ಕರೆಂಟು ಅದು, ಕೆಲಸ ಇದ್ದರೂ ಇಲ್ಲದಿದ್ದರೂ ಬೇಕೇ ಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಈ 5.5 ಆಂಪಿಯರ್ ಮತ್ತು ನಿಜವಾಗಿ ಕೆಲಸ ಮಾಡುವ ಕರೆಂಟು 90 ಡಿಗ್ರಿ ಅಂತರದಲ್ಲಿರೋದರಿಂದ ಎರಡನ್ನೂ ನೇರವಾಗಿ ಕೂಡೋ ಹಾಗಿಲ್ಲ, ಪೈಥಾಗೊರಸ್ ಬೇಕು. ಲೆಕ್ಕ ಹಾಕಿದರೆ 13ರಲ್ಲಿ ಕೆಲಸದ ಭಾಗ 11.8. ಲೋಡ್ ಅರ್ಧ ಆದರೆ ಅದು 5.9 ಆಗುತ್ತೆ. ಆಗ ಒಟ್ಟು ಕರೆಂಟು 6.5 ಅಲ್ಲ, ಸುಮಾರು 8.1. ಅಂದರೆ ಲೋಡ್ ಇಳಿದಷ್ಟು ಕರೆಂಟು ಇಳಿಯಲ್ಲ. ಹಾಗಾಗಿ ಹಗುರ ಲೋಡಿನಲ್ಲಿ ಕರೆಂಟಿನ ಜೊತೆ ವೋಲ್ಟೇಜನ್ನೂ ಅಳೆದು, ಪವರ್ ಎಷ್ಟು ಅಂತ ನೋಡೋದು ಒಳ್ಳೇದು.

ಫಿಲ್ಟರ್ ಕಟ್ಟಿದರೆ ಕರೆಂಟು ಏರುತ್ತಾ, ಇಳಿಯುತ್ತಾ?

ವೈವಾದಲ್ಲಿ ಕೇಳಿದರೆ ನಮ್ಮಲ್ಲಿ ಬಹಳ ಜನ ‘ಏರುತ್ತೆ ಸರ್’ ಅಂತಾರೆ. ದಾರಿ ಕಟ್ಟಿದರೆ ಮೋಟಾರಿಗೆ ಕಷ್ಟ ತಾನೇ? ಸರಿಯಾದ ಉತ್ತರ ಮಾತ್ರ, ‘ಯಾವ ಬ್ಲೋವರ್ ಅಂತ ಮೊದಲು ಹೇಳಿ’.

ಆಸ್ಪತ್ರೆ, ಆಡಿಟೋರಿಯಂಗಳ ಏರ್ ಹ್ಯಾಂಡ್ಲಿಂಗ್ ಯೂನಿಟ್ಟಿನಲ್ಲಿ ಇರೋದು ಸಾಮಾನ್ಯವಾಗಿ ಸೆಂಟ್ರಿಫ್ಯೂಗಲ್ ಬ್ಲೋವರ್. ಅದರ ಫಿಲ್ಟರ್ ಧೂಳಿನಿಂದ ಕಟ್ಟಿದರೆ ಗಾಳಿಯ ಹರಿವು ಕಡಿಮೆಯಾಗುತ್ತೆ. ಎಸೆಯೋಕೆ ಗಾಳಿಯೇ ಇಲ್ಲ ಅಂದಮೇಲೆ ಕೆಲಸವೂ ಕಡಿಮೆ, ಹಾಗಾಗಿ ಕರೆಂಟು ಇಳಿಯುತ್ತೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಕೈ ಅಡ್ಡ ಇಟ್ಟು ನೋಡಿ. ಅದರ ಸದ್ದು ಇನ್ನೂ ಕೀರಲಾಗುತ್ತೆ. ಭಾರ ಇಳಿದಿದ್ದಕ್ಕೆ ಅದರ ಮೋಟಾರ್ ಜೋರಾಗಿ ಓಡ್ತಾ ಇದೆ, ಅಷ್ಟೇ. ದೊಡ್ಡ ಸೆಂಟ್ರಿಫ್ಯೂಗಲ್ ಬ್ಲೋವರ್‌ಗಳನ್ನು ಡ್ಯಾಂಪರ್ ಮುಚ್ಚಿ ಸ್ಟಾರ್ಟ್ ಮಾಡೋದರ ಹಿಂದಿನ ಕಾರಣವೂ ಇದೇ.

ಎಸ್‌ಟಿಪಿಗಳಲ್ಲಿ ಹೆಚ್ಚಾಗಿ ಕಾಣುವ ಟ್ವಿನ್ ಲೋಬ್ ಬ್ಲೋವರ್‌ನದು ಬೇರೆ ಸ್ವಭಾವ. ಪ್ರತಿ ಸುತ್ತಿಗೂ ಇಷ್ಟು ಗಾಳಿ ಅಂತ ಅದು ತಳ್ಳಿಯೇ ತಳ್ಳುತ್ತೆ. ಮುಂದೆ ದಾರಿ ಕಟ್ಟಿದ್ದರೆ ಒತ್ತಡ ಏರುತ್ತೆ, ಜೊತೆಗೆ ಕರೆಂಟೂ ಏರುತ್ತೆ. ತೊಟ್ಟಿಯಲ್ಲಿ 4 ಮೀಟರ್ ನೀರಿದ್ದರೆ ಅದರ ಒತ್ತಡವೇ ಸುಮಾರು 40 ಕಿಲೋಪಾಸ್ಕಲ್. ಇದು ಇದ್ದದ್ದೇ. ತಳದ ಡಿಫ್ಯೂಸರ್ ರಂಧ್ರಗಳು ಕಟ್ಟುತ್ತಾ ಹೋದ ಹಾಗೆ ಇದರ ಮೇಲೆ ಇನ್ನಷ್ಟು ಸೇರುತ್ತೆ, ತಿಂಗಳುಗಟ್ಟಲೆ ಕರೆಂಟು ಮೆಲ್ಲಗೆ ಮೇಲೇರುತ್ತೆ. ಡಿಫ್ಯೂಸರ್ ಹರಿದರೆ ಅಥವಾ ಪೈಪು ಬಿರುಕು ಬಿಟ್ಟರೆ ಒಮ್ಮೆಲೇ ಇಳಿಯುತ್ತೆ.

ಆದ್ದರಿಂದ ಮೇಲೊಂದು ಗೆರೆ, ಕೆಳಗೊಂದು ಗೆರೆ, ಎರಡೂ ಬೇಕು. ಮೇಲಿನದನ್ನು ಓವರ್‌ಲೋಡ್ ರಿಲೇ ಕಾಯುತ್ತೆ. ಕೆಳಗಿನದಕ್ಕೆ ಅಂಡರ್‌ಕರೆಂಟ್ ರಿಲೇ ಅಂತ ಬೇರೆ ಸಿಗುತ್ತೆ, ಆದರೆ ಅದನ್ನು ಹಾಕಿಸುವ ಯೋಚನೆಯೇ ಬಹಳ ಕಡೆ ಬರಲ್ಲ. ಎಸ್‌ಟಿಪಿಯಲ್ಲಾದರೆ ನಾತ ಬಂದು ಸುದ್ದಿ ಹೇಳುತ್ತೆ. ಆಸ್ಪತ್ರೆಯ ಐಸೊಲೇಷನ್ ಕೋಣೆಯ ಎಕ್ಸಾಸ್ಟ್ ಬ್ಲೋವರ್ ಹೀಗೆ ಹುಸಿ ಓಟ ಓಡಿದರೆ ಸೋಂಕಿನ ಗಾಳಿ ಹೊರಗೆ ಹರಡಬಹುದು. ಅದಕ್ಕೆ ನಾತ ಇರಲ್ಲ.

ಮೂರು ಫೇಸ್‌ಗಳ ಹೋಲಿಕೆ

ಮೂರೂ ಫೇಸ್‌ಗಳನ್ನು ಅಳೆದಾಗ 13.0, 12.6, 14.4 ಆಂಪಿಯರ್ ಬಂತು ಅನ್ನಿ. ಸರಾಸರಿ 13.33. ಅತಿ ದೂರ ಇರೋದು 14.4, ವ್ಯತ್ಯಾಸ 1.07. ಅಂದರೆ ಅಸಮತೋಲನ 8 ಶೇಕಡಾ. ವೋಲ್ಟೇಜಿನಲ್ಲಿ 1 ಶೇಕಡಾ ಅಸಮತೋಲನ ಇದ್ದರೂ ಕರೆಂಟಿನಲ್ಲಿ ಅದು 6ರಿಂದ 10 ಪಟ್ಟು ಕಾಣಬಹುದು. ಹಾಗಾಗಿ ಮೋಟಾರನ್ನು ಬೈಯುವ ಮೊದಲು ಸಪ್ಲೈ ಮತ್ತು ಸಡಿಲ ಟರ್ಮಿನಲ್ ನೋಡಬೇಕು. ಒಂದು ಫೇಸ್ ಪೂರ್ತಿ ಹೋದರೆ ಅದರಲ್ಲಿ ಸೊನ್ನೆ, ಉಳಿದ ಎರಡರಲ್ಲಿ ಸುಮಾರು 1.73 ಪಟ್ಟು. ಬೇಗ ನಿಲ್ಲಿಸದಿದ್ದರೆ ವೈಂಡಿಂಗ್ ಸುಟ್ಟು ಕರಕಲಾಗುತ್ತೆ.

50 ಹರ್ಟ್ಸ್‌ನ ಅಕ್ಕಪಕ್ಕದ ಮನೆಗಳು

ಇಲ್ಲಿವರೆಗೆ ಕ್ಲಾಂಪ್ ಮೀಟರ್ ಸಾಕಿತ್ತು. ಮುಂದಿನದಕ್ಕೆ ಎಫ್‌ಎಫ್‌ಟಿ ಬೇಕು. 1980ರ ದಶಕದಲ್ಲಿ ಅಮೆರಿಕದ ಓಕ್ ರಿಜ್ ನ್ಯಾಷನಲ್ ಲ್ಯಾಬೊರೇಟರಿಯಲ್ಲಿ ಪರಮಾಣು ಸ್ಥಾವರಗಳ ಮೋಟಾರು ಚಾಲಿತ ವಾಲ್ವ್‌ಗಳನ್ನು ಪರೀಕ್ಷಿಸೋಕೆ ಬೆಳೆಸಿದ ವಿಧಾನ ಇದು. ಮೋಟಾರ್ ಕರೆಂಟ್ ಸಿಗ್ನೇಚರ್ ಅನಾಲಿಸಿಸ್ ಅನ್ನೋದು ಇದರ ಹೆಸರು.

ಕಮ್ಯುನಿಕೇಷನ್ ಪಾಠದ ಎಎಂ ಮಾಡ್ಯುಲೇಷನ್ ನೆನಪಿಸಿಕೊಳ್ಳಿ. ಇಲ್ಲಿ 50 ಹರ್ಟ್ಸ್ ಕರೆಂಟೇ ಕ್ಯಾರಿಯರ್. ಸವೆದ ಬೆಲ್ಟಿನ ಕೆಟ್ಟ ಜಾಗ ಪುಲ್ಲಿ ಮೇಲೆ ಬಂದಾಗಲೆಲ್ಲ ಟಾರ್ಕ್ ಚೂರು ಅಲುಗುತ್ತೆ, ಕರೆಂಟಿನ ಎತ್ತರವೂ ಅಲುಗುತ್ತೆ. ಕ್ಯಾರಿಯರ್ ಅಕ್ಕಪಕ್ಕ ಸೈಡ್‌ಬ್ಯಾಂಡ್ ಮೂಡೋದು ಹೀಗೆ.

ನಾಲ್ಕು ಪೋಲ್ ಮೋಟಾರ್ 1440 ಆರ್‌ಪಿಎಂನಲ್ಲಿ ಓಡ್ತಿದೆ ಅಂತಿಟ್ಟುಕೊಳ್ಳೋಣ. ಸಿಂಕ್ರೊನಸ್ ವೇಗ 1500, ಹಾಗಾಗಿ ಸ್ಲಿಪ್ 0.04. ಶಾಫ್ಟ್ ಸೆಕೆಂಡಿಗೆ 24 ಸುತ್ತು.

- ಮುರಿದ ರೋಟರ್ ಬಾರ್: 50ರ ಎರಡೂ ಕಡೆ ಸ್ಲಿಪ್ ಆವರ್ತನದ ಎರಡರಷ್ಟು ದೂರ, ಅಂದರೆ 46 ಮತ್ತು 54 ಹರ್ಟ್ಸ್.
- ರೋಟರ್ ಕೇಂದ್ರ ತಪ್ಪಿದ್ದು, ಶಾಫ್ಟ್ ಜೋಡಣೆ ಸರಿಯಿಲ್ಲದ್ದು: 24 ಹರ್ಟ್ಸ್ ದೂರ, ಅಂದರೆ 26 ಮತ್ತು 74.
- ಬೆಲ್ಟು: ಮೋಟಾರ್ ಪುಲ್ಲಿ 150 ಮಿಲಿಮೀಟರ್, ಬೆಲ್ಟಿನ ಉದ್ದ 2 ಮೀಟರ್ ಇದ್ದರೆ ಬೆಲ್ಟು ಸೆಕೆಂಡಿಗೆ 11.3 ಮೀಟರ್ ಓಡುತ್ತೆ, ಸುಮಾರು 5.7 ಸಲ ಸುತ್ತುತ್ತೆ. ಗುರುತು 44.3 ಮತ್ತು 55.7ರ ಹತ್ತಿರ.

ರೋಟರ್ ಬಾರಿನ ಸೈಡ್‌ಬ್ಯಾಂಡ್ ಮುಖ್ಯ ಶಿಖರಕ್ಕಿಂತ 55, 60 ಡೆಸಿಬಲ್ ಕೆಳಗಿದ್ದರೆ ಸಾಮಾನ್ಯವಾಗಿ ನೆಮ್ಮದಿಯಿಂದ ಇರಬಹುದು. 40ರ ಆಸುಪಾಸಿಗೆ ಬಂದರೆ, ಅಂದರೆ ಮುಖ್ಯ ಕರೆಂಟಿನ ನೂರನೇ ಒಂದು ಭಾಗದಷ್ಟಾದರೆ, ರೋಟರ್ ತೆಗೆಸಿ ನೋಡುವ ಯೋಚನೆ ಮಾಡಬೇಕು.

ಎಲ್ಲಿ ಎಚ್ಚರ ಬೇಕು?

ಮೊದಲನೆಯದು ರೆಸಲ್ಯೂಷನ್. ಲೋಡ್ ಹಗುರಾಗಿ ಸ್ಲಿಪ್ 0.005ಕ್ಕೆ ಇಳಿದರೆ ಆ ಸೈಡ್‌ಬ್ಯಾಂಡ್‌ಗಳು 49.5 ಮತ್ತು 50.5ಕ್ಕೆ ಬಂದು ಮುಖ್ಯ ಶಿಖರದ ಬುಡದಲ್ಲೇ ಅಡಗುತ್ತವೆ. ಬೇರ್ಪಡಿಸೋಕೆ 0.1 ಹರ್ಟ್ಸ್ ರೆಸಲ್ಯೂಷನ್ ಬೇಕು, ಅಂದರೆ 10 ಸೆಕೆಂಡ್ ರೆಕಾರ್ಡ್ ಮಾಡಬೇಕು. ಸ್ಯಾಂಪ್ಲಿಂಗ್ ವೇಗ ಎಷ್ಟು ಹೆಚ್ಚಿಸಿದರೂ ಇದಕ್ಕೆ ಉಪಯೋಗ ಇಲ್ಲ, ಸಮಯವೇ ಬೇಕು.

ಎರಡನೆಯದು ವಿಎಫ್‌ಡಿ. ಅದಿದ್ದರೆ 50 ಹರ್ಟ್ಸ್ ಅನ್ನೋದೇ ಸ್ಥಿರವಲ್ಲ, ಜೊತೆಗೆ ಸ್ವಿಚಿಂಗ್ ಗದ್ದಲ. ಮೇಲಿನ ಲೆಕ್ಕವನ್ನೆಲ್ಲ ಆ ಕ್ಷಣದ ಆವರ್ತನಕ್ಕೆ ಹೊಂದಿಸಬೇಕು.

ಮೂರನೆಯದು ಬೇರಿಂಗ್. ಆರಂಭದ ಹಂತದ ಬೇರಿಂಗ್ ದೋಷ ಕರೆಂಟಿನಲ್ಲಿ ಬಹಳ ಕ್ಷೀಣ. ಅದಕ್ಕೆ ವೈಬ್ರೇಷನ್ ಸೆನ್ಸರೇ ಸರಿ. ಕರೆಂಟು ಎಲ್ಲಾ ಕಾಯಿಲೆಗೂ ಮದ್ದಲ್ಲ.

ಪ್ರಾಜೆಕ್ಟ್ ಮಾಡೋರಿಗೆ

ಒಂದು ಕ್ಲಾಂಪ್ ಸಿಟಿ, ಒಂದು ಇಎಸ್‌ಪಿ-32, ಸೆಕೆಂಡಿಗೆ 2000 ಸ್ಯಾಂಪಲ್ ಇದ್ದರೆ ಶುರು ಮಾಡಬಹುದು. ಲೋಡಿನ ಏರಿಳಿತಕ್ಕೂ ಫೇಸ್ ಹೋಲಿಕೆಗೂ ಅದು ಧಾರಾಳವಾಗಿ ಸಾಕು. ರೋಟರ್ ಬಾರ್ ಹುಡುಕೋರು ಮಾತ್ರ 16 ಬಿಟ್‌ನ ಬೇರೆ ಎಡಿಸಿ ಹಾಕಿಕೊಳ್ಳಿ, ನೂರರಲ್ಲಿ ಒಂದಕ್ಕಿಂತ ಸಣ್ಣದನ್ನು ಹುಡುಕಬೇಕಲ್ಲ. ಪ್ಯಾನೆಲ್ ತೆರೆಯೋದು ಎಲೆಕ್ಟ್ರಿಷಿಯನ್ ಅಣ್ಣನ ಕೆಲಸ, ನಮ್ಮದಲ್ಲ. ತಂತಿಯಲ್ಲಿ ಕರೆಂಟು ಹರೀತಿರುವಾಗ ಸಿಟಿಯ ಸೆಕೆಂಡರಿಯನ್ನು ಯಾವ ಕಾರಣಕ್ಕೂ ತೆರೆದು ಬಿಡಬಾರದು, ಅಪಾಯಕಾರಿ ವೋಲ್ಟೇಜ್ ಬರುತ್ತೆ.

ಇನ್ನೊಂದು ಮಾತು. ಯಂತ್ರ ಚೆನ್ನಾಗಿ ಓಡ್ತಾ ಇರುವಾಗಲೇ ಒಂದು ವಾರದ ಕರೆಂಟು ದಾಖಲಿಸಿಡಿ. ತೊಟ್ಟಿಯ ನೀರಿನ ಮಟ್ಟ, ಹೊತ್ತು, ವೋಲ್ಟೇಜ್ ಜೊತೆಗೇ ಬರೆದಿಡಿ. 11 ಆಂಪಿಯರ್ ಅನ್ನುವ ಅಂಕಿ ಒಂದೇ ಇದ್ದರೆ ಅದರಿಂದ ಏನೂ ಗೊತ್ತಾಗಲ್ಲ. ಇದೇ ಬ್ಲೋವರ್, ಇದೇ ನೀರಿನ ಮಟ್ಟದಲ್ಲಿ ಕಳೆದ ತಿಂಗಳು 13 ಎಳೀತಿತ್ತು ಅಂತ ಗೊತ್ತಿದ್ದರೆ, ಆಪರೇಟರ್ ಆ ಹೊತ್ತಿಗೇ ಎದ್ದು ಹೋಗಿ ಪೈಪು ನೋಡ್ತಾರೆ.