ಪೊರಿಗೆರೆಯ ಆಚಾರವ್ಯವಸ್ಥೆ, ಕೊಲ್ಲಂನ ತಾಮ್ರಪಟ

ಮಧ್ಯಯುಗದ ಅರಸರು ಪಟ್ಟಣಗಳಿಗೆ ಹಕ್ಕುಪತ್ರಗಳನ್ನು ನೀಡಿದ ಸಂಗತಿಯನ್ನು ನಾವು ಸಾಮಾನ್ಯವಾಗಿ ಯೂರೋಪಿನ ಚರಿತ್ರೆಯಲ್ಲಿ ಓದುತ್ತೇವೆ. 1215ರ ಮ್ಯಾಗ್ನಾ ಕಾರ್ಟಾ ಲಂಡನ್ ನಗರದ ಹಳೆಯ ಸ್ವಾತಂತ್ರ್ಯಗಳನ್ನು ಎತ್ತಿಹಿಡಿಯಿತು. ಆದರೆ ಅದಕ್ಕೂ ಸುಮಾರು ಐದು ಶತಮಾನಗಳ ಹಿಂದೆಯೇ, ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ ಅಂಥದೊಂದು ಕನ್ನಡ ಶಾಸನವು ದೊರೆತಿತ್ತು.

ಬಾದಾಮಿಯ ಚಾಲುಕ್ಯ ದೊರೆ ವಿಜಯಾದಿತ್ಯನ ಮಗನಾದ ಯುವರಾಜ ವಿಕ್ರಮಾದಿತ್ಯನು ಸುಮಾರು 725ರಲ್ಲಿ, ಆಗ ಪೊರಿಗೆರೆ ಎನಿಸಿದ್ದ ಆ ಊರಿನ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಆಚಾರವ್ಯವಸ್ಥೆಯನ್ನು ಬರೆಸಿಕೊಟ್ಟನು. ಇಲ್ಲಿ ‘ನಗರ’ವೆಂದರೆ ವರ್ತಕರ ಸಂಘ, ‘ಪ್ರಕೃತಿ’ಗಳೆಂದರೆ ಊರಿನ ವಿವಿಧ ಕಸುಬಿನ ಪ್ರಜಾವರ್ಗಗಳು. ಮನೆಗಳ ಮೇಲಣ ತೆರಿಗೆಯು ಅವರವರ ಶಕ್ತಿಗೆ ತಕ್ಕಂತೆ ಏರಿಳಿಯುತ್ತದೆ. ಕಳವು ಮೊದಲಾದ ಅಪರಾಧಗಳ ದಂಡದ ವಿಚಾರವೂ, ಮಕ್ಕಳಿಲ್ಲದವರ ಸ್ವತ್ತಿನ ವಿಚಾರವೂ ಅದರಲ್ಲಿವೆ. ಆದರೆ ಗಮನಿಸತಕ್ಕದ್ದು ಅದರ ಮೊದಲ ಭಾಗ: ಪಾಳುಬಿದ್ದ ಮನೆ, ಹಿಂದಿನ ಅರಸರ ದತ್ತಿ, ತಾಮ್ರಶಾಸನ, ಅನುಭವದಲ್ಲಿರುವ ಸ್ವತ್ತು ಇವನ್ನು ರಾಜಪುರುಷರು ಕಾಪಾಡತಕ್ಕದ್ದು. ಕಟ್ಟುಪಾಡು ಪ್ರಜೆಗಳಿಗೆ ಮಾತ್ರವಲ್ಲ, ಅಧಿಕಾರಿಗಳಿಗೂ ಉಂಟು.

ಇದರ ಪಕ್ಕದಲ್ಲಿ ನಮ್ಮ ಸಭೆಗಳು ಹೆಮ್ಮೆಯಿಂದ ಸ್ಮರಿಸುವ ಕೊಲ್ಲಂನ ತರಿಸಾಪ್ಪಳ್ಳಿ ತಾಮ್ರಪಟಗಳನ್ನಿಟ್ಟು ನೋಡಬೇಕು. 849ರಲ್ಲಿ ವೇಣಾಡಿನ ಅಯ್ಯನ್ ಅಡಿಗಳ್ ಎಂಬವನು ಮಾರುವಾನ್ ಸಪೀರ್ ಈಸೋ ಕಟ್ಟಿಸಿದ ದೇವಾಲಯಕ್ಕೆ ಭೂಮಿಯನ್ನೂ ತೆರಿಗೆ ವಿನಾಯಿತಿಯನ್ನೂ ಕೊಟ್ಟನು. ಪಟ್ಟಣದ ತೂಕ ಅಳತೆಗಳ ಮೇಲ್ವಿಚಾರಣೆಯಲ್ಲಿಯೂ ಅದಕ್ಕೆ ಪಾಲು ದೊರೆಯಿತು. ಅರಬ್ಬಿ, ಪಹ್ಲವಿ, ಹೀಬ್ರೂ ಲಿಪಿಗಳಲ್ಲಿ ಸಾಕ್ಷಿಗಳ ರುಜುಗಳಿವೆ. ಮತಸಹಿಷ್ಣುತೆಯ ನಿದರ್ಶನವೆಂದು ನಾವು ಇದನ್ನು ಬೋಧಿಸುತ್ತೇವೆ, ಅದು ಸರಿಯೇ. ಆದರೆ ಭೂಮಿಯೊಂದಿಗೆ ಈಳವ, ಅಗಸ, ಬಡಗಿ, ವೆಳ್ಳಾಳ ಕುಟುಂಬಗಳನ್ನೂ ದೇವಾಲಯಕ್ಕೆ ಒಪ್ಪಿಸಲಾಯಿತು. ಅವರ ಅಪರಾಧಗಳ ವಿಚಾರಣೆಯೂ ದೇವಾಲಯದವರದಾಯಿತು. ಅರಸನಿಗೆ ಸಲ್ಲುತ್ತಿದ್ದ ಕೆಲವು ತೆರಿಗೆಗಳಿಂದ ಅವರು ಬಿಡುಗಡೆ ಹೊಂದಿದರೆಂಬುದು ನಿಜ. ಆದರೆ ಅವರು ಹಕ್ಕು ಪಡೆದವರ ಸಾಲಿನಲ್ಲಿಲ್ಲ, ದತ್ತಿಯ ಸಾಲಿನಲ್ಲಿದ್ದಾರೆ. ಸಭೆಯ ಸ್ವಾತಂತ್ರ್ಯವನ್ನು ಸಾರುವ ಪಟವೇ ಸಭೆಯನ್ನು ಒಡೆಯನ ಸ್ಥಾನದಲ್ಲಿಯೂ ಕೂರಿಸಿತು.

ಯಾಜಕಕಾಂಡ 25 ಈ ಪ್ರಶ್ನೆಯನ್ನು ಬೇರೊಂದು ನೆಲೆಯಲ್ಲಿ ಎತ್ತುತ್ತದೆ. ಸಾಲಮನ್ನಾ, ದಾಸವಿಮೋಚನೆಗಳನ್ನು ಸಾರುವುದು ಮೆಸೊಪೊಟೇಮಿಯದಲ್ಲಿ ಅರಸನ ಕೃಪೆಯಾಗಿತ್ತು. ಜೂಬಿಲಿ ಸಂವತ್ಸರವಾದರೋ ಯಾವ ಅರಸನ ಇಚ್ಛೆಗೂ ಕಾಯುವುದಿಲ್ಲ. ದೇಶದ ನಿವಾಸಿಗಳೆಲ್ಲರಿಗೂ ಬಿಡುಗಡೆಯೆಂದು ಹತ್ತನೆಯ ವಚನ ಹೇಳುತ್ತದೆ. ಆದರೂ ಅದೇ ಅಧ್ಯಾಯದ 44ರಿಂದ 46ರವರೆಗಿನ ವಚನಗಳು ಅನ್ಯಜನಾಂಗದ ದಾಸರನ್ನು ಆ ಬಿಡುಗಡೆಯ ಹೊರಗಿಡುತ್ತವೆ. ಜೂಬಿಲಿಯನ್ನು ಕುರಿತ ನಮ್ಮ ಪ್ರಸಂಗಗಳು ಈ ಮೂರು ವಚನಗಳನ್ನು ಸಾಮಾನ್ಯವಾಗಿ ದಾಟಿಹೋಗುತ್ತವೆ. ಕೊಲ್ಲಂನ ಆ ಕುಟುಂಬಗಳನ್ನು ನೆನೆದಾಗ ಹಾಗೆ ದಾಟಿಹೋಗಲು ಬರುವುದಿಲ್ಲ.