ಕಂಪ್ಯೂಟರ್ ವಿದ್ಯೆಗೆ ಮರ್ಯಾದಿ ಎಲ್ಲಿ? ಕಂಪೆನಿಯಲ್ಲೋ, ಅಂಗಡಿ ಕಟ್ಟೆಯಲ್ಲೋ?

ಕುಂದಾಪುರ: ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯಲ್ಲಿ ಪ್ರೋಗ್ರಾಂ ಬರೆಯುವವನು ಸಾವಿರದಲ್ಲೊಬ್ಬ. ಅವನ ವಿದ್ಯೆ ಅಲ್ಲಿ ಎಲ್ಲರಿಗೂ ಬರುವ ವಿದ್ಯೆಯೇ. ಅದೇ ಮನುಷ್ಯ ಊರಿಗೆ ಬಂದು ಶಾಸ್ತ್ರಿ ಸರ್ಕಲ್ ಬದಿಯ ಅಂಗಡಿಯ ಉದ್ರಿ ಲೆಕ್ಕ, ಮಾಲಿನ ಲೆಕ್ಕ ಎರಡನ್ನೂ ಕಂಪ್ಯೂಟರಿಗೆ ಏರಿಸಿಕೊಟ್ಟರೆ ಉಪಚಾರವೇ ಬೇರೆ. "ಹ್ವಾಯ್, ಬನ್ನಿ, ಕೂಕಣಿ, ಚಾ ತರ್ಸ್ತೆ!"

ಹಾಗಾದರೆ ಈ ವಿದ್ಯೆಗೆ ಮರ್ಯಾದಿ ಕಂಪೆನಿಯ ಹೊರಗೇ ಹೆಚ್ಚೆ?

ಹೌದೆನ್ನಲು ಕರಾವಳಿಯವರೇ ಸಾಕ್ಷಿ. ಮಂಗಳೂರು ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ.ಪಿ. ರಾವ್ ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ ಬರೆಯುವ ಕೀಲಿಮಣೆ ರೂಪಿಸಿದರು. ಸರಕಾರಿ ಕಚೇರಿಗಳ 'ನುಡಿ'ಯಲ್ಲಿರುವುದು ಅದೇ ವಿನ್ಯಾಸ. ಮೊಳೆ ಜೋಡಿಸುತ್ತಿದ್ದ ಪ್ರೆಸ್ಸುಗಳು ಕಂಪ್ಯೂಟರಿಗೆ ಹೊರಳಿದಾಗ ಅದು ಕೈಹಿಡಿಯಿತು. ಅವರಿಗೆ 'ನಾಡೋಜ' ಗೌರವ ಕೊಟ್ಟದ್ದು ಕಂಪೆನಿಯಲ್ಲ, ಹಂಪಿಯ ಕನ್ನಡ ವಿಶ್ವವಿದ್ಯಾಲಯ.

ಆದರೆ ಎಲ್ಲರಿಗೂ ಆ ಯೋಗ ಇಲ್ಲ. 2000ದ ಸುಮಾರಿಗೆ ಶುರುವಾದ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ ಪಹಣಿ ಕಂಪ್ಯೂಟರಿಗೆ ಏರಿತು. ಕೈಬರಹದ ಪಹಣಿಗೆ ಗ್ರಾಮ ಲೆಕ್ಕಿಗರ ಹಿಂದೆ ಅಲೆಯುತ್ತಿದ್ದವರಿಗೆ ಆಗ 15 ರೂಪಾಯಿಗೆ ಪ್ರಿಂಟ್ ಸಿಕ್ಕಿತು. ಪ್ರೋಗ್ರಾಂ ಬರೆದವರು ಎನ್‌ಐಸಿಯವರು. ಕ್ಯೂ ನಿಂತವರಲ್ಲಿ ಅವರ ಹೆಸರು ಕೇಳಿದವರು ಎಷ್ಟು ಮಂದಿ?

ಇನ್ನು ದುಡ್ಡಿನ ಮಾತು. ಫ್ಯಾನ್ ರಿಪೇರಿಯವನಿಗೆ ಮಜೂರಿ ಎಣಿಸಿ ಕೊಡುವ ಕೈ, ಪ್ರೋಗ್ರಾಂ ಬರೆದವನ ಮುಂದೆ ಹಿಂಜರಿಯುತ್ತದೆ. ಕಣ್ಣಿಗೆ ಕಾಣುವ ಮಾಲು ಇಲ್ಲವಲ್ಲ! "ನಮ್ಮ ಹುಡ್ಗನೇ ಅಲ್ದಾ, ಒಂಚೂರ್ ಕಂಡ್ ಕೊಡ್" ಎಂದರೆ ಮುಗಿಯಿತು. ಬರೆದುಕೊಟ್ಟರೆ ಕೆಲಸ ಮುಗಿಯಿತೆಂದೂ ಇಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ಕ್ಕೆ ಅದರ ದರಗಳೇ ಬದಲಾದವು. ಎರಡು ಸಲವೂ ಬಿಲ್ಲಿನ ಲೆಕ್ಕ ತಿದ್ದಲೇಬೇಕಾಯಿತು. ಅಂಥ ರಾತ್ರಿ ಫೋನು ಹೋಗುವುದು ಆ ಹುಡುಗನಿಗೇ.

ಮದುವೆ ಮಾತುಕತೆಯಲ್ಲಂತೂ ತಕ್ಕಡಿ ತಿರುಗಿಬಿಡುತ್ತದೆ. ಬೈಂದೂರು, ಬ್ರಹ್ಮಾವರ ಬಸ್ಸಿನಲ್ಲಿ ಕಿವಿಗೊಟ್ಟರೆ ಸಾಕು, "ಮಾಣಿಗೆ ಯಾವ ಕಂಪೆನಿ?" ಎಂಬುದೇ ಮೊದಲ ಪ್ರಶ್ನೆ. ಊರಿನ ಹತ್ತು ಅಂಗಡಿಯ ಲೆಕ್ಕ ನಡೆಸುವವನು "ಊರಲ್ಲೇ ಇದ್ದಾನೆ" ಅನ್ನಿಸಿಕೊಳ್ಳುತ್ತಾನೆ.

ಒಟ್ಟಿನಲ್ಲಿ ಮರ್ಯಾದಿ ಹೊರಗೆ, ಸಂಬಳ ಒಳಗೆ. ಬರೀ ಚಾ ಕುಡಿದು ಸಂಸಾರ ಸಾಗದು. ಸಂಬಳ ಹುಡುಕಿ ಹುಡುಗರು ರಾತ್ರಿ ಬಸ್ಸು ಹತ್ತುತ್ತಾರೆ. ಊರಿನ ವಿದ್ಯೆ ಊರಿಗೇ ಒದಗಬೇಕಾದರೆ ಅಂಗಡಿಯವರು ಚಾದ ಜೊತೆಗೆ ಮಜೂರಿಯನ್ನೂ ಮಾತಾಡಬೇಕು, ಅದೂ ಕೆಲಸ ಹಿಡಿಯುವ ಮೊದಲೇ.