ಕಾಣದ ಕೊಠಡಿಗೆ ಮುಂಗಡ ಹಣ: ಕಾಶಿಯಾತ್ರಿಕರು ತಿಳಿದಿರಬೇಕಾದ ಕೆಲವು ವಿಷಯಗಳು

ವಾರಾಣಸಿಯ ದಕ್ಷಿಣ ಭಾಗದಲ್ಲಿ, ಹರಿಶ್ಚಂದ್ರ ಘಾಟಿನ ಸಮೀಪದಲ್ಲಿರುವ ಹನುಮಾನ್ ಘಾಟ್, ದಕ್ಷಿಣ ಭಾರತದ ಯಾತ್ರಿಕರಿಗೆ ಬಹುಕಾಲದಿಂದ ಪರಿಚಿತವಾದ ಸ್ಥಳವಾಗಿದೆ. ಶ್ರೀ ವಲ್ಲಭಾಚಾರ್ಯರು ತಮ್ಮ ಕೊನೆಯ ದಿನಗಳನ್ನು ಇಲ್ಲಿಯೇ ಕಳೆದರೆಂದು ಸಂಪ್ರದಾಯವು ಹೇಳುತ್ತದೆ. ಹಿಂದಿನ ಮೈಸೂರು ಸಂಸ್ಥಾನವು ಕಟ್ಟಿಸಿದ ಘಾಟ್ ಇದರ ಬದಿಯಲ್ಲಿಯೇ ಇದ್ದು, ಇಂದು ಅದನ್ನು ಕರ್ನಾಟಕ ಘಾಟ್ ಎಂದು ಕರೆಯಲಾಗುತ್ತಿದೆ. ಕರ್ನಾಟಕ ಸರ್ಕಾರದ ಛತ್ರವೂ ಈ ಪರಿಸರದಲ್ಲಿಯೇ ಇದೆ. ಇಲ್ಲಿನ ಓಣಿಗಳಲ್ಲಿ ಕನ್ನಡ, ತಮಿಳು, ತೆಲುಗು ಮಾತುಗಳು ಕಿವಿಗೆ ಬೀಳುವುದು ಹೊಸತೇನಲ್ಲ. ಹಿಂದಿ ಬಾರದ ವೃದ್ಧರು ತಂಗಲು ಮೊದಲು ಹುಡುಕುವುದು ಇಂತಹ ನೆಲೆಯನ್ನೇ.

2021ರ ಡಿಸೆಂಬರ್ 13ರಂದು ಕಾಶಿ ವಿಶ್ವನಾಥ ಧಾಮವು ಉದ್ಘಾಟನೆಗೊಂಡ ನಂತರ ಕಾಶಿಗೆ ಬರುವವರ ಸಂಖ್ಯೆಯು ಬಹಳವಾಗಿ ಹೆಚ್ಚಿದೆ. ಕೊಠಡಿಗಳನ್ನು ಮೊದಲೇ ಕಾಯ್ದಿರಿಸದೆ ಹೊರಡುವುದು ಹಲವರಿಗೆ ಸಾಧ್ಯವಾಗದು. ಯಾತ್ರಿಕರ ಈ ಅವಸರವನ್ನೇ ಬಂಡವಾಳ ಮಾಡಿಕೊಂಡ ವಂಚಕರ ಜಾಲವೊಂದು ದೇಶದ ಅನೇಕ ತೀರ್ಥಕ್ಷೇತ್ರಗಳ ಹೆಸರಿನಲ್ಲಿ ಬೆಳೆದಿದೆ. ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿರುವ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2025ರ ಏಪ್ರಿಲ್‌ನಲ್ಲಿ ಈ ಬಗ್ಗೆ ಸಾರ್ವಜನಿಕರಿಗೆ ಎಚ್ಚರಿಕೆಯನ್ನು ನೀಡಿತು. ಕೇದಾರನಾಥದ ಹೆಲಿಕಾಪ್ಟರ್ ಸೇವೆ, ಚಾರ್‌ಧಾಮ್ ಯಾತ್ರಿಕರ ವಸತಿಗೃಹಗಳು, ಬಾಡಿಗೆ ಕಾರುಗಳು, ತೀರ್ಥಯಾತ್ರೆಯ ಪ್ರವಾಸಗಳು ಇವೆಲ್ಲದರ ಹೆಸರಿನಲ್ಲಿ ನಕಲಿ ಜಾಲತಾಣಗಳು ಹಾಗೂ ನಕಲಿ ವಾಟ್ಸ್‌ಆ್ಯಪ್ ಖಾತೆಗಳು ಇರುವುದನ್ನು ಆ ಪ್ರಕಟಣೆಯು ತಿಳಿಸಿತ್ತು.

ಹಿಂದಿನ ಕಾಲದಲ್ಲಿ ವಿಶ್ವಾಸವು ಹೇಗೆ ಏರ್ಪಡುತ್ತಿತ್ತು ಎಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ತೀರ್ಥಪುರೋಹಿತರು ತಮ್ಮ ಉದ್ದನೆಯ ವಹಿಗಳನ್ನು ಬಿಚ್ಚಿ, ಯಾತ್ರಿಕನ ಊರು, ಗೋತ್ರಗಳನ್ನು ಕೇಳಿ, ಅವನ ಅಜ್ಜನೋ ಮುತ್ತಜ್ಜನೋ ಬಂದುಹೋದಾಗ ಬರೆಸಿದ ಸಾಲುಗಳನ್ನು ತೋರಿಸುತ್ತಿದ್ದರು. ಆ ಬರಹವನ್ನು ಕಂಡ ಮೇಲೆಯೇ ಯಾತ್ರಿಕನು ಗಂಟು ಬಿಚ್ಚುತ್ತಿದ್ದನು. ಈಗಿನ ವ್ಯವಹಾರದಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಹಣವು ಮೊದಲು ಹೋಗುತ್ತದೆ. ಎದುರಿಗಿರುವವನು ಯಾರೆಂಬುದು ಅನಂತರ ತಿಳಿಯುತ್ತದೆ, ಅಥವಾ ತಿಳಿಯುವುದೇ ಇಲ್ಲ.

ವಂಚನೆಯು ನಡೆಯುವ ಬಗೆಯನ್ನು ನೋಡೋಣ. ಹಾವೇರಿ ಜಿಲ್ಲೆಯ ಒಂದು ಕುಟುಂಬವು ತಂದೆಯ ಅಸ್ಥಿಯನ್ನು ಗಂಗೆಯಲ್ಲಿ ವಿಸರ್ಜಿಸಲು ಹೊರಟಿದೆ ಎಂದು ಭಾವಿಸೋಣ. ಮಗನು ಮೊಬೈಲ್‌ನಲ್ಲಿ ಛತ್ರವೊಂದರ ಹೆಸರನ್ನು ಬರೆದು ಹುಡುಕುತ್ತಾನೆ. ಎಲ್ಲಕ್ಕಿಂತ ಮೇಲೆ ಬರುವ ಫಲಿತಾಂಶವು ಅನೇಕ ವೇಳೆ ಯಾರೋ ಹಣ ತೆತ್ತು ಹಾಕಿಸಿದ ಜಾಹೀರಾತು ಎಂಬುದು ಅವನಿಗೆ ತಿಳಿಯದು. ನಕ್ಷೆಯಲ್ಲಿ ತೋರುವ ದೂರವಾಣಿ ಸಂಖ್ಯೆಯನ್ನೂ ಹೊರಗಿನವರು ತಿದ್ದಿರುವ ಸಾಧ್ಯತೆಯುಂಟು. ಆ ಸಂಖ್ಯೆಗೆ ಕರೆ ಮಾಡಿದರೆ ಸೌಜನ್ಯದ ಉತ್ತರ ದೊರೆಯುತ್ತದೆ, ಕೆಲವೊಮ್ಮೆ ಕನ್ನಡದಲ್ಲಿಯೇ. ನಿಜವಾದ ಕಟ್ಟಡದ ಚಿತ್ರಗಳೇ ವಾಟ್ಸ್‌ಆ್ಯಪ್ ಮೂಲಕ ಬರುತ್ತವೆ. ‘ಎರಡೇ ಕೊಠಡಿಗಳು ಉಳಿದಿವೆ, ಈಗಲೇ ಅರ್ಧ ಹಣ ಕಳುಹಿಸಿ’ ಎಂಬ ಮಾತು ಬರುವುದು ಆಮೇಲೆ.

ಹಣವನ್ನು ಕಳುಹಿಸಿದೊಡನೆ ವಂಚನೆಯು ಮುಗಿಯಿತೆಂದು ಭಾವಿಸಬಾರದು. ‘ನಿಮ್ಮ ಹಣ ಗಣಕದಲ್ಲಿ ಸಿಕ್ಕಿಕೊಂಡಿದೆ, ಅಷ್ಟೇ ಮೊತ್ತವನ್ನು ಮತ್ತೊಮ್ಮೆ ಕಳುಹಿಸಿದರೆ ಎರಡೂ ಹಿಂದಿರುಗುತ್ತವೆ’ ಎಂಬುದು ಎರಡನೆಯ ಹಂತ. ರಸೀದಿ ಎಂಬ ಹೆಸರಿನಲ್ಲಿ ಎ.ಪಿ.ಕೆ. ಮಾದರಿಯ ಕಡತವೊಂದನ್ನು ಕಳುಹಿಸಿ, ಅದನ್ನು ತೆರೆಯಲು ಹೇಳುವುದು ಇನ್ನೊಂದು ಬಗೆ. ಅದು ರಸೀದಿಯಲ್ಲ, ಮೊಬೈಲ್‌ಗೆ ಬರುವ ಸಂದೇಶಗಳನ್ನು ಕದ್ದು ಓದಬಲ್ಲ ತಂತ್ರಾಂಶ. ಹಣ ಹಿಂದಿರುಗಿಸುವ ನೆಪದಲ್ಲಿ ಕ್ಯೂಆರ್ ಸಂಕೇತವನ್ನು ಕಳುಹಿಸಿ ಯು.ಪಿ.ಐ. ಪಿನ್ ಒತ್ತಲು ಹೇಳುವುದೂ ಉಂಟು. ಹಣವನ್ನು ಪಡೆಯಲು ಪಿನ್ ಎಂದೂ ಬೇಕಾಗುವುದಿಲ್ಲ. ಪಿನ್ ಕೇಳಿದರೆಂದರೆ ಹಣವು ನಿಮ್ಮ ಖಾತೆಯಿಂದ ಹೊರಗೆ ಹೋಗಲಿದೆ ಎಂದೇ ಅರ್ಥ.

ಪರಿಶೀಲನೆಯ ಮಾರ್ಗಗಳು ಕಷ್ಟವಾದವುಗಳೇನಲ್ಲ. 2025ರ ಜೂನ್ 30ರಿಂದ ಜಾರಿಗೆ ಬಂದ ಕ್ರಮದಂತೆ, ಯು.ಪಿ.ಐ. ಮೂಲಕ ಹಣ ಕಳುಹಿಸುವ ಮುನ್ನ ಪಡೆಯುವವರ ಬ್ಯಾಂಕ್ ಖಾತೆಯಲ್ಲಿ ನೋಂದಾಯಿತವಾದ ಹೆಸರೇ ಪರದೆಯ ಮೇಲೆ ಕಾಣಬೇಕು. ಸಂಸ್ಥೆಯ ಛತ್ರಕ್ಕೆ ಹಣ ಕಟ್ಟುವಾಗ ಅಲ್ಲಿ ಯಾವುದೋ ಅಪರಿಚಿತ ವ್ಯಕ್ತಿಯ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸುವುದು ಲೇಸು. ಈ ಒಂದು ಹೆಸರನ್ನು ಓದುವ ಅಭ್ಯಾಸವು ಉಳಿದ ಎಷ್ಟೋ ಉಪದೇಶಗಳಿಗಿಂತ ಹೆಚ್ಚು ಪ್ರಯೋಜನಕಾರಿ ಎಂದು ತೋರುತ್ತದೆ. ಸರ್ಕಾರಿ ಜಾಲತಾಣಗಳ ವಿಳಾಸವು ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ. ವಿಳಾಸದ ನಡುವೆ ಎಲ್ಲೋ ‘ಗವ್’ ಎಂಬ ಅಕ್ಷರಗಳಿದ್ದರೆ ಸಾಲದು. ಮಠಗಳು ಮತ್ತು ಖಾಸಗಿ ಧರ್ಮಶಾಲೆಗಳಿಗೆ ಇಂತಹ ಗುರುತಿಲ್ಲವಾದುದರಿಂದ, ಅವುಗಳ ಊರಿನ ಶಾಖೆಯಲ್ಲಿ ವಿಚಾರಿಸಬಹುದು, ಅಥವಾ ಇತ್ತೀಚೆಗೆ ಅಲ್ಲಿ ತಂಗಿ ಬಂದವರಿಂದ ರಸೀದಿಯನ್ನು ಪಡೆದು ಅದರಲ್ಲಿ ಮುದ್ರಿತವಾದ ಸಂಖ್ಯೆಗೆ ಕರೆ ಮಾಡಬಹುದು.

ಇದೇ ಕುಟುಂಬದ ಕಿರಿಯರು ಇದೇ ಬಗೆಯ ಮೋಸಕ್ಕೆ ಬೇರೊಂದು ಕಡೆ ಗುರಿಯಾಗುತ್ತಿದ್ದಾರೆ. ಮೊಬೈಲ್ ಮತ್ತು ಗಣಕದ ಆಟಗಳಲ್ಲಿ ಆಯುಧ, ಉಡುಪು, ನಾಣ್ಯ, ಕೆಲವೊಮ್ಮೆ ಇಡೀ ಖಾತೆಯನ್ನೇ ಹಣಕ್ಕೆ ಕೊಡುವ ಕೊಳ್ಳುವ ವ್ಯವಹಾರ ನಡೆಯುತ್ತದೆ. ಇಲ್ಲಿಯೂ ಸರಕು ಕಣ್ಣಿಗೆ ಕಾಣುವಂಥದಲ್ಲ, ಮಾರುವವನೂ ಅಪರಿಚಿತ. ಖಾತೆಯನ್ನು ಮಾರಿದವನು ತನ್ನ ಹಳೆಯ ಇ-ಮೇಲ್ ವಿಳಾಸವನ್ನು ಬಳಸಿ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಬಲ್ಲನು. ಅನೇಕ ಕಂಪನಿಗಳು ಖಾತೆಗಳ ಮಾರಾಟವನ್ನೇ ನಿಷೇಧಿಸಿರುವುದರಿಂದ, ಕೊಂಡವನು ಅವರಲ್ಲಿ ದೂರು ನೀಡಿದರೂ ಫಲವಿಲ್ಲ. ಸ್ಟೀಮ್ ಎಂಬ ಆಟಗಳ ಮಾರುಕಟ್ಟೆಯು 2025ರ ಜುಲೈಯಲ್ಲಿ ‘ಕೌಂಟರ್ ಸ್ಟ್ರೈಕ್ 2’ ಆಟದ ವಸ್ತುಗಳ ವಿನಿಮಯವನ್ನು ಏಳು ದಿನಗಳೊಳಗೆ ಹಿಂತೆಗೆದುಕೊಳ್ಳುವ ಅವಕಾಶವನ್ನು ಕಲ್ಪಿಸಿತು; ಖಾತೆಗಳ ಕಳವು ಅಷ್ಟರಮಟ್ಟಿಗೆ ನಡೆದಿತ್ತು. ಆಟದ ಒಳಗಿರುವ ಅಧಿಕೃತ ಅಂಗಡಿಯ ಹೊರಗೆ ಅಗ್ಗದ ದರ ಹೇಳುವವರೊಡನೆ ವ್ಯವಹರಿಸದಿರುವುದೇ ಮಕ್ಕಳಿಗೆ ಹೇಳಬೇಕಾದ ಮಾತು. ಕಾಶಿಯ ಕೊಠಡಿಯನ್ನು ಕಾಯ್ದಿರಿಸಿಕೊಡುವವರೂ ಮನೆಯ ಈ ಮಕ್ಕಳೇ ಆಗಿರುವುದುಂಟಾದುದರಿಂದ ಈ ಎರಡನ್ನೂ ಒಂದೇ ಕಡೆ ಹೇಳಬೇಕಾಯಿತು.

ಹಣವು ಹೋಗಿರುವುದು ತಿಳಿದ ಕ್ಷಣದಲ್ಲಿಯೇ 1930 ಸಂಖ್ಯೆಗೆ ಕರೆ ಮಾಡಬೇಕು. ವಂಚಕರು ಹಣವನ್ನು ಒಂದು ಖಾತೆಯಲ್ಲಿ ಇಡುವುದಿಲ್ಲ. ಬಾಡಿಗೆಗೆ ಪಡೆದ ಹಲವು ಖಾತೆಗಳ ಮೂಲಕ ಅದನ್ನು ಬೇಗ ಬೇಗನೆ ದಾಟಿಸಿ ಎಲ್ಲಿಯೋ ನಗದಾಗಿ ತೆಗೆಯುತ್ತಾರೆ. 2021ರಲ್ಲಿ ಆರಂಭವಾದ ವ್ಯವಸ್ಥೆಯೊಂದರಡಿ ಪೊಲೀಸರು ಮತ್ತು ಬ್ಯಾಂಕುಗಳು ಒಂದೇ ಜಾಲದಲ್ಲಿ ಸೇರಿ, ಹಣವು ಇನ್ನೂ ಯಾವ ಖಾತೆಯಲ್ಲಿದೆಯೋ ಅಲ್ಲಿಯೇ ಅದನ್ನು ತಡೆಹಿಡಿಯುತ್ತವೆ. ಆದುದರಿಂದ ಮೊದಲ ಗಂಟೆಯ ಬೆಲೆ ದೊಡ್ಡದು. ನಾಚಿಕೆಯಿಂದಲೋ, ಮನೆಯವರು ಗದರಿಸುವರೆಂಬ ಅಂಜಿಕೆಯಿಂದಲೋ ಒಂದು ರಾತ್ರಿ ಸುಮ್ಮನಿದ್ದರೆ ಹಣವು ಕೈಗೆ ಸಿಗದಷ್ಟು ದೂರ ಹೋಗಿರುತ್ತದೆ. ಕರೆ ಮಾಡುವಾಗ ಮೊತ್ತ, ಸಮಯ, ನಿಮ್ಮ ಬ್ಯಾಂಕಿನ ಹೆಸರು ಹಾಗೂ ವ್ಯವಹಾರದ 12 ಅಂಕಿಗಳ ಉಲ್ಲೇಖ ಸಂಖ್ಯೆ ಕೈಯಲ್ಲಿರಲಿ. ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ಜಾಲತಾಣದಲ್ಲಿಯೂ ದೂರನ್ನು ದಾಖಲಿಸಬಹುದು. ವಂಚಕನೊಡನೆ ನಡೆದ ಸಂಭಾಷಣೆಯನ್ನು ಸಿಟ್ಟಿನಿಂದ ಅಳಿಸಿಹಾಕಬಾರದು.

ಎರಡು ದಿನಗಳ ರೈಲು ಪ್ರಯಾಣ ಮುಗಿಸಿ ಹನುಮಾನ್ ಘಾಟಿಗೆ ಬಂದ ಮೇಲೆಯೇ ಕೊಠಡಿಯಿಲ್ಲವೆಂಬುದು ಗೊತ್ತಾದರೆ, ದೂರು ನೀಡಲು ಊರಿಗೆ ಮರಳುವವರೆಗೆ ಕಾಯಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣದ ಪ್ರಕಾರ, ಅಪರಾಧವು ಯಾವ ಪ್ರದೇಶದಲ್ಲಿ ನಡೆದಿದ್ದರೂ ಮಾಹಿತಿಯನ್ನು ಯಾವುದೇ ಪೊಲೀಸ್ ಠಾಣೆಯಲ್ಲಿ ನೀಡಬಹುದು. ಅದು ವಾರಾಣಸಿಯ ಠಾಣೆಯಾಗಿರಬಹುದು, ಹಾವೇರಿಯದೂ ಆಗಿರಬಹುದು. ತಡೆಹಿಡಿದ ಹಣವು ಕೈಸೇರಲು ಸಮಯ ಹಿಡಿಯುತ್ತದೆ. ಈ ನಡುವೆ, ‘ನಿಮ್ಮ ಹಣವನ್ನು ಬಿಡಿಸಿಕೊಡುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ’ ಎಂದು ಸೈಬರ್ ಪೊಲೀಸರ ಹೆಸರಿನಲ್ಲಿಯೇ ಯಾರಾದರೂ ಕರೆ ಮಾಡಬಹುದು. ದೂರು ದಾಖಲಿಸಲು ಯಾವ ಶುಲ್ಕವೂ ಇಲ್ಲ. ಅಂತಹ ಕರೆಯ ಸಂಖ್ಯೆಯನ್ನೂ ಬರೆದಿಟ್ಟುಕೊಂಡು ಅದೇ ದೂರಿನಲ್ಲಿ ಸೇರಿಸಬೇಕು.